ರೆಕಾರ್ಡಿಂಗ್ ಎಂದೊಡನೆ ಕೈ ನಡುಗುವುದೇಕೆ? ಪಿಟೀಲು ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಪಾಠ ಹೇಳುತ್ತೇನೆ. ಶಿಷ್ಯರಲ್ಲಿ ಕೆಲವರು ಮನೆಗೇ ಬರುತ್ತಾರೆ. ಕೆಲವರು ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಆನ್‌ಲೈನ್‌ನಲ್ಲಿ ಕಲಿಯುತ್ತಾರೆ. ವಾರಕ್ಕೊಮ್ಮೆ ತಾವು ಸಾಧನೆ ಮಾಡಿದ್ದನ್ನು ರೆಕಾರ್ಡ್ ಮಾಡಿ ಕಳುಹಿಸಬೇಕೆಂಬ ನಿಯಮ ಎಲ್ಲರಿಗೂ ಒಂದೇ. ಈ ನಿಯಮ ಜಾರಿಗೆ ಬಂದ ಮೇಲೆ ರಾಗ, ತಾಳಗಳ ಬಗ್ಗೆ ಬರುತ್ತಿದ್ದ ಪ್ರಶ್ನೆಗಳಿಗಿಂತ ಕೈ ನಡುಕದ ಬಗ್ಗೆ ಬರುವ ಪ್ರಶ್ನೆಗಳೇ ಹೆಚ್ಚಾದವು. ಅವುಗಳಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಪಿಟೀಲಿನವು. ಬೇರೆ ವಾದ್ಯಗಳವರಿಗೆ ಬೇಕಾದ ವಿಚಾರವೂ ಮುಂದೆ ಬರುತ್ತದೆ.

ಸಾಧನೆಯಲ್ಲಿ ಸಲೀಸಾಗಿ ಬರುವ ವರ್ಣ (ಅಭ್ಯಾಸಕ್ಕೆ ಕಲಿಸುವ ಒಂದು ಬಗೆಯ ಸಂಗೀತ ರಚನೆ), ಫೋನಿನ ಕೆಂಪು ಗುಂಡಿ ಒತ್ತಿದ ಕೂಡಲೇ ಕೆಡುವುದೇಕೆ?

ಏಕಕಾಲಕ್ಕೆ ಎರಡು ಸಂಗತಿಗಳು ನಡೆಯುತ್ತವೆ. ಮೊದಲನೆಯದು ದೇಹಕ್ಕೆ ಸಂಬಂಧಿಸಿದ್ದು. ಪ್ರತಿಯೊಬ್ಬರ ಕೈಯಲ್ಲೂ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಆಗುವ ಅತಿ ಸೂಕ್ಷ್ಮವಾದ ಕಂಪನವೊಂದು ಸದಾ ಇರುತ್ತದೆ. ಕಣ್ಣಿಗೆ ಕಾಣದ ಕಾರಣ ನಮಗೆ ಅದರ ಅರಿವೇ ಇರುವುದಿಲ್ಲ. ಆತಂಕವಾದಾಗ ರಕ್ತಕ್ಕೆ ಸೇರುವ ಅಡ್ರಿನಲಿನ್ ಈ ಕಂಪನವನ್ನು ದೊಡ್ಡದು ಮಾಡುತ್ತದೆ, ಎದೆಬಡಿತವನ್ನು ಏರಿಸುತ್ತದೆ, ಬೆರಳುಗಳ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಅವುಗಳನ್ನು ತಣ್ಣಗಾಗಿಸುತ್ತದೆ. ಪಿಟೀಲಿನ ಕಮಾನು ಸುಮಾರು 60 ಗ್ರಾಂ ತೂಗುವ, ಮುಕ್ಕಾಲು ಮೀಟರಿನಷ್ಟು ಉದ್ದದ ಕಡ್ಡಿ. ಅದರ ಒಂದು ತುದಿಯನ್ನು ಹಿಡಿದ ಕೈಯಲ್ಲಿ ಕೂದಲೆಳೆಯಷ್ಟು ಅಲುಗಾಟವಾದರೂ ಅದು ತಂತಿಯ ಮೇಲೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದ್ದರಿಂದ ನಿಮ್ಮ ಕೈ ನಡುಗಿತೆಂದರೆ ನೀವು ಅಳ್ಳೆದೆಯವರು ಎಂದಲ್ಲ, ನೀವು ಆರಿಸಿಕೊಂಡ ವಾದ್ಯ ಯಾವುದನ್ನೂ ಮುಚ್ಚಿಡುವುದಿಲ್ಲ ಎಂದಷ್ಟೇ ಅರ್ಥ.

ಎರಡನೆಯದು ಗಮನಕ್ಕೆ ಸಂಬಂಧಿಸಿದ್ದು. ನೂರಾರು ಸಲ ನುಡಿಸಿ ಕೈಗೆ ಇಳಿದ ಸಂಗತಿಯನ್ನು ನಾವು ಬೆರಳು ಬೆರಳಾಗಿ ಯೋಚಿಸಿ ನುಡಿಸುವುದಿಲ್ಲ. ಮೋಹನ ರಾಗದಲ್ಲಿ ಪಂಚಮದಿಂದ ಗಾಂಧಾರಕ್ಕೆ ಜಾರುವಾಗ ಬೆರಳು ಎಲ್ಲಿ ನಿಲ್ಲಬೇಕೆಂದು ದಿನವೂ ಕೇಳಿಕೊಳ್ಳುವವರು ಯಾರೂ ಇಲ್ಲ. ಆದರೆ ರೆಕಾರ್ಡ್ ಆಗುತ್ತಿದೆ ಎಂದು ತಿಳಿದ ಕ್ಷಣದಿಂದ ಮನಸ್ಸು ಮೇಲ್ವಿಚಾರಕನಂತೆ ಎಡಗೈಯ ಪಕ್ಕದಲ್ಲಿ ಬಂದು ಕುಳಿತುಬಿಡುತ್ತದೆ. ಮೆಟ್ಟಿಲಿಳಿಯುವಾಗ ಯಾವ ಕಾಲನ್ನು ಎಲ್ಲಿ ಇಡುತ್ತಿದ್ದೇನೆ ಎಂದು ಯೋಚಿಸಲು ಹೊರಟವರು ಮುಗ್ಗರಿಸುವಂತೆಯೇ ಇಲ್ಲಿಯೂ ಆಗುತ್ತದೆ.

ಸಭೆಯಲ್ಲಿ ನುಡಿಸುವಾಗ ಇಷ್ಟು ಭಯವಿಲ್ಲ. ಎದುರಿಗೆ ಯಾರೂ ಇಲ್ಲದ ಕೋಣೆಯಲ್ಲಿ ಇದೇಕೆ?

ನನ್ನ ದೃಷ್ಟಿಯಲ್ಲಿ ಈ ಪುಟದ ಮುಖ್ಯ ಪ್ರಶ್ನೆಯೇ ಇದು. ಸಾಮಾನ್ಯವಾಗಿ ಸಿಗುವ ಉತ್ತರವೆಂದರೆ, ರೆಕಾರ್ಡಿಂಗ್ ಶಾಶ್ವತವಾಗಿ ಉಳಿಯುತ್ತದೆ, ಆದ್ದರಿಂದ ಭಯ ಎಂಬುದು. ನನಗೆ ಇದು ಅರ್ಧ ಮಾತ್ರ ಸರಿ ಎನ್ನಿಸುತ್ತದೆ. ಫೋನಿನಲ್ಲಿ ಮಾಡಿದ ರೆಕಾರ್ಡಿಂಗ್‌ಗಳಲ್ಲಿ ಹೆಚ್ಚಿನವು ಉಳಿಯುವುದೇ ಇಲ್ಲ, ನಾವೇ ಅಳಿಸಿಹಾಕುತ್ತೇವೆ. ಭಯಕ್ಕೆ ನಿಜವಾದ ಕಾರಣ ಆ ಅಳಿಸುವ ಗುಂಡಿಯೇ. ಸಭೆಯಲ್ಲಿ ತಪ್ಪಿದ ಸ್ವರವನ್ನು ಮರಳಿ ತರಲು ಯಾರಿಂದಲೂ ಆಗದು, ಆದ್ದರಿಂದ ಮನಸ್ಸು ಅದನ್ನು ಅಲ್ಲೇ ಬಿಟ್ಟು ಮುಂದೆ ಸಾಗುತ್ತದೆ. ಕೋಣೆಯಲ್ಲಾದರೋ "ಇನ್ನೊಮ್ಮೆ ನುಡಿಸಬಹುದು" ಎಂಬ ಅವಕಾಶ ಪ್ರತಿ ಸ್ವರದ ಹಿಂದೆಯೂ ನಿಂತಿರುತ್ತದೆ. ಎಷ್ಟು ಸಲ ಬೇಕಾದರೂ ನುಡಿಸಬಹುದಾದಾಗ ಒಂದು ಸಣ್ಣ ತಪ್ಪಿಗೂ ಕ್ಷಮೆ ಇಲ್ಲದಂತಾಗುತ್ತದೆ.

ಭಾರತದಲ್ಲಿ ಧ್ವನಿಮುದ್ರಣ ಆರಂಭವಾದ ಕಾಲದವರಿಗೆ ಈ ಅವಕಾಶ ಇರಲಿಲ್ಲ. 1902ರ ನವೆಂಬರ್‌ನಲ್ಲಿ ಗಾಯಕಿ ಗೌಹರ್ ಜಾನ್ ಅವರು ಕೋಲ್ಕತ್ತದ ಹೋಟೆಲೊಂದರಲ್ಲಿ ಹೂಡಿದ್ದ ತಾತ್ಕಾಲಿಕ ಸ್ಟುಡಿಯೊದಲ್ಲಿ ಹಾಡಿದಾಗ ಎದುರಿಗೆ ಇದ್ದದ್ದು ಮೈಕಲ್ಲ, ದೊಡ್ಡದೊಂದು ಕೊಳವೆ. ಅದರೊಳಗೆ ಹಾಡಬೇಕು, ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ಮೇಣದ ತಟ್ಟೆಯ ಮೇಲೆ ಕೊರೆದ ಗೆರೆಯನ್ನು ಅಲ್ಲೇ ನುಡಿಸಿ ನೋಡಿದರೆ ಅದು ಹಾಳಾಗುತ್ತಿತ್ತು. ತಟ್ಟೆ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಚ್ಚಾಗಿ, ಹಡಗಿನಲ್ಲಿ ಹಿಂತಿರುಗಿದ ಮೇಲೆಯೇ ಹಾಡಿದವರಿಗೆ ತಮ್ಮ ಧ್ವನಿ ಕೇಳಸಿಗುತ್ತಿದ್ದುದು. ಹಾಡಿನ ಕೊನೆಯಲ್ಲಿ ಅವರು "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಗಟ್ಟಿಯಾಗಿ ಹೇಳುವುದನ್ನು ಆ ತಟ್ಟೆಗಳಲ್ಲಿ ಇಂದಿಗೂ ಕೇಳಬಹುದು. ದೂರದ ಕಾರ್ಖಾನೆಯವರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಆ ವ್ಯವಸ್ಥೆ. ಇದೇ ಗೌಹರ್ ಜಾನ್ ಬದುಕಿನ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ನಮ್ಮ ಮೈಸೂರಿನಲ್ಲಿಯೇ ತೀರಿಕೊಂಡರು ಎಂಬುದು ಇಲ್ಲಿನ ಹಲವರಿಗೆ ಗೊತ್ತಿಲ್ಲ.

ಆ ಮೂರು ಕಟ್ಟುಪಾಡುಗಳನ್ನು ನಾನು ಶಿಷ್ಯರಿಗೆ ಹಾಗೆಯೇ ದಾಟಿಸಿದ್ದೇನೆ. ನಡುವೆ ನಿಲ್ಲಿಸುವಂತಿಲ್ಲ. ನುಡಿಸಿದ ಕೂಡಲೇ ಕೇಳುವಂತಿಲ್ಲ. ಕೊನೆಯಲ್ಲಿ ತಮ್ಮ ಹೆಸರು ಮತ್ತು ರಾಗದ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಮೂರನೆಯದು ಕೇಳಿದವರಿಗೆಲ್ಲ ನಗು ಬರುತ್ತದೆ, ಆದರೆ ಕೆಲಸ ಮಾಡುವುದು ಅದೇ. ಹೆಸರು ಹೇಳುವವರೆಗೆ ನುಡಿಸಾಣಿಕೆ ಮುಗಿದಿಲ್ಲ ಎಂದು ಗೊತ್ತಿದ್ದಾಗ ನಡುವೆ ಏನೇ ಆದರೂ ಕೈ ಮುಂದಕ್ಕೆ ಹೋಗುತ್ತದೆ.

ತಪ್ಪಾದ ಮೇಲೂ ಮುಂದುವರಿಸಿದರೆ ತಪ್ಪೇ ಅಭ್ಯಾಸವಾಗುವುದಿಲ್ಲವೇ?

ಸಾಧನೆಯ ಹೊತ್ತಿನಲ್ಲಿ ಈ ಆತಂಕ ಸರಿಯಾದದ್ದೇ. ಅಲ್ಲಿ ನಿಲ್ಲಿಸಿ, ಕಾಲ (ವೇಗ) ಇಳಿಸಿ, ಆ ಜಾಗವನ್ನು ಹತ್ತು ಸಲ ತಿದ್ದಬೇಕು. ರೆಕಾರ್ಡಿಂಗ್‌ನಲ್ಲಿ ನಿಲ್ಲಿಸಿದರೆ ನಿಲ್ಲಿಸುವುದೇ ಅಭ್ಯಾಸವಾಗುತ್ತದೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಶಿಷ್ಯೆಯೊಬ್ಬರು ಒಂದು ಶನಿವಾರ ಏನನ್ನೂ ಕಳುಹಿಸಲಿಲ್ಲ. ಭಾನುವಾರ ಪಾಠಕ್ಕೆ ಬಂದವರು ಮಾತಿಲ್ಲದೆ ಫೋನನ್ನು ನನ್ನ ಮುಂದಿಟ್ಟರು. ಅದರಲ್ಲಿ ಒಂದೇ ಸಂಜೆ ಮಾಡಿದ 23 ತುಣುಕುಗಳಿದ್ದವು, ಎಲ್ಲವೂ ಒಂದೇ ವರ್ಣ. ಅತಿ ಉದ್ದದ್ದು ಒಂದು ನಿಮಿಷಕ್ಕೂ ಕಡಿಮೆ. ಇಬ್ಬರೂ ಕುಳಿತು ಒಂದಾದ ಮೇಲೊಂದು ಕೇಳಿದೆವು. ಹದಿನೇಳು ತುಣುಕುಗಳು ಪಲ್ಲವಿಯ ಎರಡನೆಯ ಆವರ್ತದಲ್ಲಿ (ತಾಳದ ಎರಡನೆಯ ಸುತ್ತಿನಲ್ಲಿ), ತಾರ ಷಡ್ಜಕ್ಕೆ, ಅಂದರೆ ಮೇಲಿನ ಸ್ಥಾಯಿಯ 'ಸ'ಕ್ಕೆ, ಏರುವ ಒಂದೇ ಜಾಗದಲ್ಲಿ ನಿಂತಿದ್ದವು. ಮೊದಲ ನಾಲ್ಕರಲ್ಲಿ ಷಡ್ಜ ನಿಜವಾಗಿಯೂ ಒಂದಿಷ್ಟು ಕೆಳಗೆ ಬಿದ್ದಿತ್ತು. ಐದನೆಯದರಿಂದ ಆಚೆಗೆ ಮಾತ್ರ ಬೇರೆಯೇ ಏನೋ ಕೇಳಿಸುತ್ತಿತ್ತು: ಷಡ್ಜ ಬರುವುದಕ್ಕೆ ಎರಡು ಅಕ್ಷರ (ತಾಳದ ಎಣಿಕೆ) ಮೊದಲೇ ಕಮಾನು ಹಗುರಾಗುತ್ತಿತ್ತು, ನಾದ ತೆಳುವಾಗುತ್ತಿತ್ತು. ತಪ್ಪು ಇನ್ನೂ ಆಗಿರಲಿಲ್ಲ, ಆದರೆ ಬಲಗೈ ಆಗಲೇ ನಿಲ್ಲಿಸಲು ಸಿದ್ಧವಾಗುತ್ತಿತ್ತು. ಹನ್ನೊಂದನೆಯದರಲ್ಲಿ ಷಡ್ಜ ಶ್ರುತಿಗೆ ಸರಿಯಾಗಿಯೇ ಕೂತಿದ್ದರೂ ಅವರು ನಿಲ್ಲಿಸಿಬಿಟ್ಟಿದ್ದರು. "ಇದು ಸರಿಯಾಗಿದೆಯಲ್ಲ ಮೇಡಂ" ಎಂದು ಅವರೇ ಬೆರಗಾದರು. ಆ ಸಂಜೆ ಪಲ್ಲವಿಯ ಮೊದಲ ಆವರ್ತ ಇಪ್ಪತ್ಮೂರು ಸಲ ನುಡಿದಿತ್ತು, ವರ್ಣದ ಮೊದಲರ್ಧವನ್ನು ಮುಗಿಸುವ ಮುಕ್ತಾಯಿಸ್ವರ ಒಂದು ಸಲವೂ ನುಡಿದಿರಲಿಲ್ಲ.

ಹಾಗಾದರೆ ಎಷ್ಟು ಸಲ ಪ್ರಯತ್ನಿಸಬೇಕು?

ಮೂರು ಸಲ ಸಾಕು, ಮತ್ತು ಆ ಸಂಖ್ಯೆಯನ್ನು ವಾದ್ಯ ಕೈಗೆತ್ತಿಕೊಳ್ಳುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮೊದಲನೆಯದು ಕೈ ಬೆಚ್ಚಗಾಗಲು ಎಂದುಕೊಂಡರೂ ಅದನ್ನು ಪೂರ್ತಿಯಾಗಿ ನುಡಿಸಿರಿ. ಎರಡನೆಯದು ಹೆಚ್ಚಿನವರಿಗೆ ಅತ್ಯುತ್ತಮವಾಗಿ ಬರುತ್ತದೆ. ಮೂರನೆಯದರಲ್ಲಿ ಕೆಲವರು ಧೈರ್ಯ ಮಾಡಿ ಕಾಲ ಸ್ವಲ್ಪ ಏರಿಸುತ್ತಾರೆ, ಕೆಲವರು ದಣಿದಿರುತ್ತಾರೆ. ನಾಲ್ಕನೆಯದು ಬೇಕೆನಿಸಿದರೆ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ನಾಳೆಗೆ ಮುಂದೂಡಿರಿ. ಎಂಟನೆಯ, ಹತ್ತನೆಯ ಸುತ್ತಿನಲ್ಲಿ ಹಿಂದಿನದಕ್ಕಿಂತ ಚೆನ್ನಾಗಿ ಬಂದದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟೂ ಕೇಳಿಲ್ಲ. ತಪ್ಪುಗಳು ಕಡಿಮೆಯಾಗಿರಬಹುದು, ಆದರೆ ಅಷ್ಟು ಹೊತ್ತಿಗೆ ರಾಗದ ಜೀವವೂ ಆರಿರುತ್ತದೆ.

ಕಮಾನು ನಡುಗಲು ತೊಡಗಿದ ಆ ಕ್ಷಣದಲ್ಲಿ ಏನು ಮಾಡಬೇಕು?

ನಡುಕವನ್ನು ತಡೆಯಲು ಕಮಾನನ್ನು ಬಿಗಿಯಾಗಿ ಹಿಡಿಯುವುದು ಎಲ್ಲರೂ ಮಾಡುವ ಕೆಲಸ, ಮತ್ತು ನಡುಕವನ್ನು ಹೆಚ್ಚಿಸುವುದೂ ಅದೇ. ಹೆಬ್ಬೆರಳು ಬಿಗಿಯಾದರೆ ಮಣಿಕಟ್ಟು ಬಿಗಿಯುತ್ತದೆ, ಮಣಿಕಟ್ಟು ಬಿಗಿದರೆ ಮೊಣಕೈ ಮತ್ತು ಭುಜ ಬಿಗಿಯುತ್ತವೆ, ಆಮೇಲೆ ಇಡೀ ತೋಳಿನ ಅಲುಗಾಟ ತಂತಿಗೆ ಹೋಗುತ್ತದೆ. ಇದಕ್ಕೆ ಬದಲಾಗಿ ಕಮಾನಿನ ವೇಗವನ್ನು ತುಸು ಹೆಚ್ಚಿಸಿ, ತೋಳಿನ ಭಾರವನ್ನು ತಂತಿಯ ಮೇಲೆ ಬಿಡಬೇಕು. ನಿಧಾನವಾಗಿ, ಮೆಲ್ಲಗೆ, ಉದ್ದಕ್ಕೆ ಎಳೆಯುವ ಕಮಾನಿನಲ್ಲಿ ನಡುಕ ಎದ್ದು ಕಾಣುತ್ತದೆ. ವೇಗವಾಗಿ, ನಿಸ್ಸಂಕೋಚವಾಗಿ ಎಳೆದ ಕಮಾನಿನಲ್ಲಿ ಅದು ಮುಳುಗಿಹೋಗುತ್ತದೆ. ಈ ಕಾರಣಕ್ಕಾಗಿಯೇ ರೆಕಾರ್ಡಿಂಗನ್ನು ಉದ್ದನೆಯ ಷಡ್ಜದಿಂದ ಆರಂಭಿಸಬೇಡಿ ಎಂದು ನಾನು ಹೇಳುತ್ತೇನೆ. ಶ್ರುತಿ ಸೇರಿಸಿದ ಮೇಲೆ ರಾಗದ ಒಂದು ಚಿಕ್ಕ ಸಂಚಾರವನ್ನು (ಸ್ವರಗಳ ಗುಚ್ಛವನ್ನು) ಮಧ್ಯಮ ಕಾಲದಲ್ಲಿ ನುಡಿಸಿ, ಕಮಾನು ತಂತಿಯ ಮೇಲೆ ಕುಳಿತದ್ದು ಖಚಿತವಾದ ಬಳಿಕ ವರ್ಣವನ್ನು ಎತ್ತಿಕೊಳ್ಳಿರಿ.

ಬೆರಳು ತಣ್ಣಗಾಗುವುದಕ್ಕೆ ಮಾರ್ಗ ಸುಲಭ. ಬಿಸಿನೀರಿನಲ್ಲಿ ಕೈಗಳನ್ನು ಒಂದೆರಡು ನಿಮಿಷ ಅದ್ದಿಟ್ಟು ಚೆನ್ನಾಗಿ ಒರೆಸಿಕೊಳ್ಳಿ. ತೇವ ಉಳಿದರೆ ತಂತಿಗೆ ತುಕ್ಕು ಹಿಡಿಯುತ್ತದೆ. ಉಸಿರಾಟದ ವಿಷಯದಲ್ಲಿ ಬೇಕಾದ್ದು ಒಂದೇ ಎಚ್ಚರ: ಒಳಗೆಳೆಯುವುದಕ್ಕಿಂತ ಹೊರಬಿಡುವುದು ದೀರ್ಘವಾಗಿರಬೇಕು, ಎದೆಬಡಿತ ಇಳಿಯುವುದು ಉಸಿರು ಹೊರಹೋಗುವಾಗ. ಇದಕ್ಕೆ ಮೂರು ಮತ್ತು ನಾಲ್ಕಾಗಿ ಏಳು ಎಣಿಕೆ ಇರುವ ನಮ್ಮ ಮಿಶ್ರಛಾಪು ತಾಳ ಹೇಳಿ ಮಾಡಿಸಿದಂತಿದೆ. ವಿಳಂಬದಲ್ಲಿ ತಾಳ ಹಾಕುತ್ತ ಮೂರು ಎಣಿಕೆಗೆ ಉಸಿರೆಳೆದು ನಾಲ್ಕು ಎಣಿಕೆಗೆ ಬಿಡಿ. ಹತ್ತು ಆವರ್ತ ಮುಗಿಯುವ ಹೊತ್ತಿಗೆ ಭುಜಗಳು ತಾವಾಗಿ ಇಳಿದಿರುತ್ತವೆ, ಎಣಿಕೆಯ ಕಡೆಗೆ ಹೋದ ಮನಸ್ಸು ಫೋನನ್ನು ಒಂದಿಷ್ಟು ಮರೆತಿರುತ್ತದೆ.

ಫೋನನ್ನು ಎಲ್ಲಿಡಬೇಕು? ಒಳ್ಳೆಯ ಮೈಕ್ ಕೊಂಡರೆ ಭಯ ಕಡಿಮೆಯಾದೀತೇ?

ಮೈಕ್ ಕೊಂಡರೆ ಭಯ ಹೆಚ್ಚಾಗುವ ಸಾಧ್ಯತೆಯೇ ಅಧಿಕ, ಏಕೆಂದರೆ ಹಣ ಹಾಕಿದ ಮೇಲೆ ಪ್ರತಿ ರೆಕಾರ್ಡಿಂಗೂ ಆ ಹಣಕ್ಕೆ ತಕ್ಕಂತಿರಬೇಕು ಎನ್ನಿಸುತ್ತದೆ. ಮೊದಲ ಆರು ತಿಂಗಳು ಫೋನೇ ಸಾಕು. ಮೂರು ನಾಲ್ಕು ಅಡಿ ದೂರದಲ್ಲಿ, ವಾದ್ಯದ ಎತ್ತರಕ್ಕೆ, ಒಂದು ಸ್ಟೂಲಿನ ಮೇಲೆ ಇಡಿ. ತೀರ ಹತ್ತಿರವಿದ್ದರೆ ಕಮಾನಿನ ಕರಕರ ಸದ್ದೇ ಮುಂದಾಗುತ್ತದೆ, ಜೋರಾದ ಸ್ವರಗಳು ಒಡೆಯುತ್ತವೆ. ಬರಿಗೋಡೆಗಳ ಕೋಣೆಗಿಂತ ಹಾಸಿಗೆ, ಪರದೆ, ಬಟ್ಟೆಯ ಬೀರು ಇರುವ ಮಲಗುವ ಕೋಣೆ ಒಳ್ಳೆಯದು. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಪರದೆ ಕೆಳಮುಖವಾಗುವಂತೆ ಮಗುಚಿಡಿ. ಸಾಗುತ್ತಿರುವ ಸೆಕೆಂಡುಗಳು ಕಣ್ಣಿಗೆ ಬೀಳಬಾರದು. ಫ್ಯಾನ್ ನಿಲ್ಲಿಸಲೇಬೇಕಾದೀತು, ಆದ್ದರಿಂದ ಬೇಸಿಗೆಯಲ್ಲಿ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ.

ಫೋನಿಗೆ ಕೇಳಿಸಲೆಂದು ಕೆಲವರು ಮಾಮೂಲಿಗಿಂತ ಗಟ್ಟಿಯಾಗಿ ನುಡಿಸುತ್ತಾರೆ. ಮೈಕಿಲ್ಲದ ದಿನಗಳಲ್ಲಿ ಸಭೆಯ ಹಿಂದಿನ ಸಾಲಿಗೂ ನಾದ ಮುಟ್ಟಬೇಕೆಂದು ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದನ್ನಾಗಿ ಮಾಡಿಕೊಂಡರು. ಮೂರಡಿ ದೂರದ ಫೋನಿಗಾಗಿ ಅಷ್ಟು ಕಷ್ಟಪಡಬೇಕಾಗಿಲ್ಲ.

ಕಳುಹಿಸುವ ವಿಧಾನವೂ ಮುಖ್ಯ. ವಾಟ್ಸ್ಆ್ಯಪ್‌ನ ಧ್ವನಿಸಂದೇಶ ಮಾತಿಗೆಂದು ರೂಪಿಸಿದ್ದು. ರೆಕಾರ್ಡ್ ಮಾಡಿದ ಕಡತವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ನಾದ ಕೆಡುವುದಿಲ್ಲ. ಜೂಮ್‌ನಂತಹ ಕರೆಗಳಲ್ಲಿ ನುಡಿಸುವಾಗ ನಿಮ್ಮ ದೀರ್ಘ ಸ್ವರವನ್ನೂ ತಂಬೂರಿಯನ್ನೂ ಆ ತಂತ್ರಾಂಶ ಫ್ಯಾನಿನ ಸದ್ದೆಂದು ತಿಳಿದು ಅಡಗಿಸಿಬಿಡುತ್ತದೆ. ಅದರಲ್ಲಿ ಸಂಗೀತಗಾರರಿಗೆಂದೇ ಇರುವ 'ಒರಿಜಿನಲ್ ಸೌಂಡ್' ಆಯ್ಕೆಯನ್ನು ಹಾಕಿಕೊಳ್ಳಿ. ಸ್ವರ ನಡುನಡುವೆ ಕತ್ತರಿಸಿ ಕೇಳಿಸಿದ್ದಕ್ಕೆ ತಮ್ಮ ಕಮಾನೇ ಸರಿಯಿಲ್ಲವೆಂದು ತಿಂಗಳುಗಟ್ಟಲೆ ಕೊರಗಿದವರನ್ನು ನಾನು ಬಲ್ಲೆ.

ತಂಬೂರಿಯ ಆ್ಯಪನ್ನು ಇಯರ್‌ಫೋನಿನಲ್ಲಿ ಹಾಕಿಕೊಳ್ಳಬಹುದೇ?

ಬೇಡ. ತಂಬೂರಿ ಕೋಣೆಯಲ್ಲಿಯೇ ನುಡಿಯಲಿ, ಬೇರೊಂದು ಫೋನಿನಿಂದಲೋ ಪೆಟ್ಟಿಗೆಯಿಂದಲೋ. ಶ್ರುತಿ ಸುತ್ತಲೂ ತುಂಬಿಕೊಂಡಿದ್ದರೆ ಅದೇ ದೊಡ್ಡ ಆಸರೆ. ನಿಶ್ಶಬ್ದದೊಳಗೆ ಮೊದಲ ಸ್ವರ ಹಾಕುವ ಭಯ ಅರ್ಧಕ್ಕರ್ಧ ತಗ್ಗುತ್ತದೆ. ಅದಲ್ಲದೆ ಬ್ಲೂಟೂತ್ ಇಯರ್‌ಫೋನ್ ಜೋಡಿಸಿದಾಗ ಕೆಲವು ಫೋನುಗಳು ತಮ್ಮ ಮೈಕನ್ನು ಬಿಟ್ಟು ಇಯರ್‌ಫೋನಿನ ಪುಟ್ಟ ಮೈಕಿನಿಂದ ರೆಕಾರ್ಡ್ ಮಾಡುತ್ತವೆ.

ನಾನು ನುಡಿಸಿದ್ದನ್ನು ನನಗೇ ಕೇಳಲಾಗುವುದಿಲ್ಲ. ಇಷ್ಟು ಕೆಟ್ಟದಾಗಿ ನುಡಿಸುತ್ತೇನೆಯೇ?

ಪಿಟೀಲು ನುಡಿಸುವವರ ಕಿವಿ ವಾದ್ಯಕ್ಕೆ ತೀರ ಸಮೀಪದಲ್ಲಿರುತ್ತದೆ, ಜೊತೆಗೆ ವಾದ್ಯ ಮೈಗೆ ತಾಗಿಕೊಂಡೇ ಇರುತ್ತದೆ. ಆದ್ದರಿಂದ ನುಡಿಸುವವರಿಗೆ ಕೇಳುವ ನಾದ ಮೂರಡಿ ದೂರದಲ್ಲಿ ಕುಳಿತವರಿಗೆ ಕೇಳುವ ನಾದವಲ್ಲ. ಫೋನಿನ ಸಣ್ಣ ಸ್ಪೀಕರಿನಲ್ಲಿ ಮಂದ್ರಸ್ಥಾಯಿ ಬಹುಮಟ್ಟಿಗೆ ಕಾಣೆಯಾಗುವುದರಿಂದ ಮತ್ತಷ್ಟು ಕೀರಲಾಗಿ ಕೇಳಿಸುತ್ತದೆ. ನಾದದ ಬಗ್ಗೆ ತೀರ್ಪು ಕೊಡುವುದಾದರೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ಕೊಡಿ.

ಇದಕ್ಕಿಂತ ಮುಖ್ಯವಾದದ್ದು ಯಾವಾಗ ಕೇಳುತ್ತೀರಿ ಎಂಬುದು. ನುಡಿಸಿ ಮುಗಿಸಿದ ಕೂಡಲೇ ಕೇಳಿದರೆ ಎಲ್ಲಿ ತಪ್ಪಾಯಿತೆಂದು ಕೈಗಳಿಗೆ ಇನ್ನೂ ನೆನಪಿರುತ್ತದೆ, ಕಿವಿ ಆ ಜಾಗಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಒಂದು ದಿನ ಬಿಟ್ಟು ಕೇಳಿ. ಕೇಳುವಾಗ ಕಾಗದವೊಂದನ್ನು ಇಟ್ಟುಕೊಂಡು ಮೊದಲ ಸಲ ತಾಳವನ್ನು ಮಾತ್ರ ಹಾಕುತ್ತ ಕೇಳಿ, ಎಲ್ಲಿ ಓಡಿದ್ದೀರಿ ಎಂದು ಗುರುತಿಸಿಕೊಳ್ಳಿ. ಎರಡನೆಯ ಸಲ ಶ್ರುತಿಗೆ ಮಾತ್ರ ಕಿವಿಗೊಡಿ. ಮೂರನೆಯ ಸಲ, ಇದನ್ನು ಬೇರೆ ಯಾರೋ ನುಡಿಸಿದ್ದರೆ ಯಾವ ಜಾಗದಲ್ಲಿ ನಿಮಗೆ ತಲೆದೂಗಬೇಕು ಎನ್ನಿಸುತ್ತಿತ್ತು ಎಂದು ನೋಡಿ. ಅಂಥದ್ದು ಒಂದಾದರೂ ಸಿಗುತ್ತದೆ, ಅದನ್ನೂ ಬರೆದುಕೊಳ್ಳಿ. ನಾನು ಶಿಷ್ಯರಿಂದ ತಪ್ಪುಗಳ ಪಟ್ಟಿಯನ್ನು ಕೇಳುವುದಿಲ್ಲ, ಅದು ನನಗೇ ಕೇಳಿಸುತ್ತದೆ. ಚೆನ್ನಾಗಿ ಬಂದ ಆ ಒಂದು ಜಾಗ ಯಾವುದೆಂದು ಕೇಳುತ್ತೇನೆ. ಉತ್ತರ ಹೇಳಲು ಹೆಚ್ಚಿನವರು ಒದ್ದಾಡುತ್ತಾರೆ.

ಕೃತಿಯನ್ನು ಹೇಗೋ ನುಡಿಸಿಬಿಡುತ್ತೇನೆ, ಆಲಾಪನೆಗೆ ಕುಳಿತರೆ ಕಲ್ಪನೆಯೇ ಬತ್ತಿಹೋಗುತ್ತದೆ. ಏನು ಮಾಡಲಿ?

ಆಲಾಪನೆಯಂತೆ ಆಗಿಂದಾಗಲೇ ಕಲ್ಪಿಸಿ ನುಡಿಸುವ ಮನೋಧರ್ಮ ಸಂಗೀತದಲ್ಲಿ ಭಯದ ರೂಪ ಬೇರೆಯಾಗಿರುತ್ತದೆ. ಕೃತಿಯಲ್ಲಿ ತಪ್ಪುತ್ತೇನೆ ಎಂಬ ಹೆದರಿಕೆಯಾದರೆ ಆಲಾಪನೆಯಲ್ಲಿ ಮುಂದೇನು ಎಂಬ ಹೆದರಿಕೆ. ಆ ಗಾಬರಿಯಲ್ಲಿ ಕೈ ತನಗೆ ಗೊತ್ತಿರುವ ನಾಲ್ಕು ಪ್ರಯೋಗಗಳನ್ನೇ ಮತ್ತೆ ಮತ್ತೆ ತಿರುವಿಹಾಕುತ್ತದೆ, ಒಂದೂವರೆ ನಿಮಿಷಕ್ಕೆ ತಾರಸ್ಥಾಯಿ ಮುಟ್ಟಿ ಇನ್ನೇನೂ ಉಳಿಯುವುದಿಲ್ಲ.

ನಾನು ಮಾಡಿಸುವ ಅಭ್ಯಾಸ ಹೀಗಿದೆ. ಕಲ್ಯಾಣಿಯಂತಹ ದೊಡ್ಡ ರಾಗವನ್ನು ತೆಗೆದುಕೊಂಡು ಇಂದಿನ ರೆಕಾರ್ಡಿಂಗ್ ಗಾಂಧಾರದಲ್ಲಿ ಮಾತ್ರ ನಿಲ್ಲುವಂಥದ್ದು ಎಂದು ತೀರ್ಮಾನಿಸಬೇಕು. ಎಲ್ಲಿ ಬೇಕಾದರೂ ಸುತ್ತಾಡಿ, ಆದರೆ ಪ್ರತಿ ಸಂಚಾರವೂ ಗಾಂಧಾರಕ್ಕೇ ಬಂದು ಕೂರಬೇಕು. ಮೂರು ನಿಮಿಷ ಅಷ್ಟೇ, ಹಳೆಯ ತಟ್ಟೆಯ ಒಂದು ಬದಿಯಷ್ಟು. ಮರುದಿನ ಪಂಚಮ, ಅದರ ಮರುದಿನ ತಾರ ಷಡ್ಜ. ಆಯ್ಕೆ ಕಿರಿದಾದಷ್ಟೂ ಗಾಬರಿ ತಗ್ಗಿ, ಅದುವರೆಗೆ ಹೊಳೆಯದ ದಾರಿಗಳು ತೆರೆದುಕೊಳ್ಳುತ್ತವೆ. ಸಂಚಾರ ಸಂಚಾರಗಳ ನಡುವೆ ಮೌನವಿರಲಿ. ರೆಕಾರ್ಡ್ ಆಗುತ್ತಿರುವಾಗ ಆ ಮೌನ ಒಂದು ಯುಗದಂತೆ ಭಾಸವಾಗುತ್ತದೆ. ಮರುದಿನ ಕೇಳಿದಾಗ ಎರಡು ಸೆಕೆಂಡೂ ಇರುವುದಿಲ್ಲ.

ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಪಕ್ಕದ ಮನೆಯವರು ಕೇಳಿಸಿಕೊಳ್ಳುತ್ತಾರೆ, ಮನೆಯವರು ಓಡಾಡುತ್ತಾರೆ. ಇದೇ ನನ್ನ ನಿಜವಾದ ತೊಂದರೆ.

ಮನೆಯವರಿಗೆ ಹೊತ್ತು ತಿಳಿಸಿಬಿಡಿ: ಸಂಜೆ ಆರರಿಂದ ಆರೂವರೆ. "ಸದ್ದು ಮಾಡಬೇಡಿ" ಎಂದು ಮಾತ್ರ ಹೇಳಬೇಡಿ. ಹಾಗೆ ಹೇಳಿದರೆ ಎಲ್ಲರೂ ಉಸಿರು ಬಿಗಿಹಿಡಿದು ಕುಳಿತು, ಇಡೀ ಮನೆಯೇ ಪರೀಕ್ಷಾ ಕೊಠಡಿಯಾಗುತ್ತದೆ. ನನಗೆ ಬರುವ ರೆಕಾರ್ಡಿಂಗ್‌ಗಳಲ್ಲಿ ಕುಕ್ಕರ್ ಕೂಗುತ್ತದೆ, ತರಕಾರಿ ಗಾಡಿಯವರು ಸೊಪ್ಪು ಎಂದು ಕೂಗುತ್ತಾರೆ, ಡಲ್ಲಾಸ್‌ನಿಂದ ಬರುವ ಒಂದರಲ್ಲಿ ಹುಲ್ಲು ಕತ್ತರಿಸುವ ಯಂತ್ರ ತಪ್ಪದೆ ಪಕ್ಕವಾದ್ಯ ನುಡಿಸುತ್ತದೆ. ವಾರದ ಪಾಠಕ್ಕೆ ಇವು ಯಾವುವೂ ಅಡ್ಡಿಯಲ್ಲ. ಪಕ್ಕದ ಮನೆಯವರ ವಿಷಯ ಹೇಳುವುದಾದರೆ, ಅವರು ನಿಮ್ಮ ಆರಂಭದ ಪಾಠಗಳಾದ ಜಂಟಿವರಸೆಗಳನ್ನು ಈಗಾಗಲೇ ವರ್ಷಗಟ್ಟಲೆ ಕೇಳಿದ್ದಾರೆ.

ಆಡಿಷನ್‌ಗೋ ಸ್ಪರ್ಧೆಗೋ ಕಳುಹಿಸಬೇಕಾದ ರೆಕಾರ್ಡಿಂಗ್ ಆದರೆ ತಯಾರಿ ಬೇರೆಯೇ?

ನಿಯಮಗಳು ಅವೇ, ಅವಧಿ ಮಾತ್ರ ಉದ್ದ. ಹತ್ತು ದಿನ ಮೊದಲಿನಿಂದ ಪ್ರತಿದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ಒಂದು ಪೂರ್ತಿ ರೆಕಾರ್ಡಿಂಗ್ ಮಾಡಿ. ವಿಡಿಯೊ ಕೇಳಿದ್ದರೆ ಅಂದು ಉಡುವ ಸೀರೆಯನ್ನೋ ತೊಡುವ ಜುಬ್ಬಾವನ್ನೋ ಎರಡು ಸಲವಾದರೂ ಮೊದಲೇ ಹಾಕಿಕೊಂಡು ನುಡಿಸಿ ನೋಡಿ. ಗರಿಗರಿ ತೋಳು ಮೊಣಕೈಗೆ ಅಡ್ಡ ಬರುತ್ತದೆ ಎಂದು ಕೊನೆಯ ದಿನ ಗೊತ್ತಾಗಬಾರದು. ಹೊಸ ತಂತಿಯನ್ನು ವಾರದ ಮೊದಲೇ ಹಾಕಿ, ಏಕೆಂದರೆ ಅದು ಎಳೆದುಕೊಂಡು ಶ್ರುತಿಗೆ ನಿಲ್ಲಲು ಕೆಲವು ದಿನ ಬೇಕು. ಕೊನೆಯ ದಿನಾಂಕಕ್ಕೆ ಎರಡು ದಿನ ಮೊದಲೇ ಕಳುಹಿಸಿಬಿಡಿ. ಕೊನೆಯ ರಾತ್ರಿ ಹನ್ನೊಂದೂವರೆಗೆ ನುಡಿಸಿದ್ದು ಹತ್ತು ದಿನಗಳಲ್ಲೇ ಅತ್ಯಂತ ಕಳಪೆಯಾಗಿರುತ್ತದೆ, ಆದರೂ ಹೆಚ್ಚಿನವರು ಅದನ್ನೇ ಕಳುಹಿಸುತ್ತಾರೆ.

ಒಂದು ಮಾತು ಇಲ್ಲಿಯೇ ಹೇಳಬೇಕೆನಿಸುತ್ತದೆ. ಮೈಸೂರಿನಲ್ಲಿ 1935ರಲ್ಲಿ 'ಆಕಾಶವಾಣಿ' ಎಂಬ ಹೆಸರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಯಂತ್ರದ ಮುಂದೆ ಕುಳಿತ ಕಲಾವಿದರ ಮುಖಗಳನ್ನು ನೋಡಲು ಅವರಿಗಿಂತ ತಕ್ಕವರು ಇರಲಿಕ್ಕಿಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ವೀಣೆ, ಕೊಳಲು, ಮೃದಂಗ ನುಡಿಸುವವರಿಗೆ ಬೇರೆ ಸಲಹೆಗಳಿವೆಯೇ?

ವೀಣೆಯವರಿಗೆ ತೊಂದರೆ ಕೊಡುವುದು ನಡುಕಕ್ಕಿಂತ ಬೆವರು. ಎಣ್ಣೆ ಸವರಿದ ಬೆರಳಿಗೆ ಬೆವರೂ ಸೇರಿದರೆ ತಂತಿ ಎಳೆದು ಗಮಕ ಕೊಡುವಾಗ ಬೆರಳು ಜಾರುತ್ತದೆ. ಪಕ್ಕದಲ್ಲಿ ಹತ್ತಿಬಟ್ಟೆ ಇಟ್ಟುಕೊಂಡು, ಅನುಪಲ್ಲವಿಗೆ ಮೊದಲು ಒರೆಸಿಕೊಳ್ಳುವುದನ್ನು ಅಭ್ಯಾಸದ ಭಾಗವಾಗಿಯೇ ಮಾಡಿಕೊಳ್ಳಿ. ಫೋನು ವೀಣೆಯ ಕೊಡದ ಕಡೆಗಿರಲಿ. ಕೊಳಲಿನವರಿಗೆ ಬಾಯಿ ಒಣಗಿ, ತುಟಿಯ ಕೋನ ತಪ್ಪಿ ಬರಿಯ ಗಾಳಿ ಕೇಳಿಸುತ್ತದೆ. ನೀರಿನ ಲೋಟ ಕೈಗೆ ಸಿಗುವಂತಿರಲಿ, ಫೋನು ನೇರ ಎದುರಿಗಿರದೆ ಒಂದು ಪಕ್ಕಕ್ಕಿರಲಿ. ಮೃದಂಗದವರದು ಕೈ ಕಟ್ಟುವ ಭಯವಲ್ಲ, ಓಡುವ ಭಯ: ಎದೆಬಡಿತ ಏರಿದಂತೆ ಕಾಲಪ್ರಮಾಣವೂ ಏರುತ್ತದೆ. ನುಡಿಸುವ ಮೊದಲು ಒಂದು ಆವರ್ತ ಸೊಲ್ಲುಗಳನ್ನು ಬಾಯಲ್ಲಿ ಹೇಳಿಕೊಂಡು ರೆಕಾರ್ಡಿಂಗ್ ಆರಂಭಿಸಿದರೆ ಕಾಲ ನಿಲ್ಲುತ್ತದೆ.

ನಡುಕಕ್ಕೆ ಮಾತ್ರೆ ಇದೆಯಂತೆ, ತೆಗೆದುಕೊಳ್ಳಬಹುದೇ?

ನೀವು ಕೇಳಿರುವುದು ಪ್ರೊಪ್ರನೊಲೊಲ್ ಎಂಬ ಔಷಧದ ಬಗ್ಗೆ ಇರಬೇಕು. ಅದು ಅಡ್ರಿನಲಿನ್‌ನ ಪರಿಣಾಮವನ್ನು ತಡೆದು ಎದೆಬಡಿತವನ್ನೂ ನಡುಕವನ್ನೂ ತಗ್ಗಿಸುತ್ತದೆ, ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಅದನ್ನು ಬಳಸುವವರಿದ್ದಾರೆ. ಆದರೆ ಅಸ್ತಮಾ ಇರುವವರಿಗೆ ಅದು ಅಪಾಯಕಾರಿ. ರಕ್ತದೊತ್ತಡ ಅಥವಾ ನಾಡಿಬಡಿತ ಕಡಿಮೆ ಇರುವವರಿಗೂ ಸಲ್ಲದು. ವೈದ್ಯರನ್ನು ಕಾಣದೆ, ಗೆಳೆಯರು ಕೊಟ್ಟರೆಂದು ನುಂಗುವ ವಸ್ತು ಅದಲ್ಲ. ಮಲಗುವ ಕೋಣೆಯಲ್ಲಿ ಒಂದು ವರ್ಣ ರೆಕಾರ್ಡ್ ಮಾಡಲು ಮಾತ್ರೆ ಬೇಕೆನಿಸುವಷ್ಟು ಆತಂಕವಿದ್ದರೆ, ಅಥವಾ ನಿದ್ರೆ, ಊಟ ಕೆಡುತ್ತಿದ್ದರೆ, ಆ ಮಾತನ್ನು ವೈದ್ಯರ ಬಳಿ ಸಂಕೋಚವಿಲ್ಲದೆ ಆಡಿ. ಕಾಫಿಯನ್ನು ಮಾತ್ರ ರೆಕಾರ್ಡಿಂಗ್ ಮುಗಿದ ಮೇಲೆ ಕುಡಿಯಿರಿ ಎಂದು ಹೇಳಲು ವೈದ್ಯರು ಬೇಕಾಗಿಲ್ಲ.

ಮಗ ಫೋನ್ ಕಂಡರೆ ವಾದ್ಯ ಕೆಳಗಿಡುತ್ತಾನೆ. ಮಕ್ಕಳಿಗೆ ಹೇಗೆ ರೂಢಿ ಮಾಡಿಸುವುದು?

ಫೋನ್ ಹಿಡಿದು ಎದುರಿಗೆ ನಿಲ್ಲಬೇಡಿ. ನುಡಿಸಿ ಮುಗಿಸಿದ ಮೇಲೆ "ಇನ್ನೊಂದ್ಸಲ ಪುಟ್ಟಾ, ಅಜ್ಜಿಗೆ ಕಳಿಸೋಣ" ಎಂದು ಹೇಳಬೇಡಿ. ಗುಂಡಿ ಒತ್ತುವ ಕೆಲಸವನ್ನು ಮಗುವಿಗೇ ಕೊಡಿ, ಯಾವುದನ್ನು ಕಳುಹಿಸಬೇಕೆಂದು ಅವನೇ ಆರಿಸಲಿ. ಅವನಿಗೆ ತಿಳಿಸದೆ ಬಾಗಿಲಾಚೆಯಿಂದ ರೆಕಾರ್ಡ್ ಮಾಡಿ ಕುಟುಂಬದ ಗುಂಪಿಗೆ ಹಾಕಿದರೆ, ಮುಂದೆ ಆ ಮಗು ಬಾಗಿಲನ್ನೂ ನಂಬುವುದಿಲ್ಲ.

ಈ ಭಯ ಪೂರ್ತಿ ಹೋಗಲು ಎಷ್ಟು ದಿನ ಬೇಕು?

ಪ್ರತಿದಿನ ಒಂದು ಸಲ, ಕಳುಹಿಸುವ ಉದ್ದೇಶವಿಲ್ಲದೆ, ಮೊಟ್ಟಮೊದಲ ಪಾಠವಾದ ಸರಳೆವರಸೆಯನ್ನಾದರೂ ರೆಕಾರ್ಡ್ ಮಾಡಿದವರಲ್ಲಿ ಎರಡು ಮೂರು ತಿಂಗಳಲ್ಲಿ ಬದಲಾವಣೆ ನನಗೆ ಕೇಳಿಸಿದೆ. ವಾರಕ್ಕೊಮ್ಮೆ, ಶನಿವಾರ ರಾತ್ರಿ ಮಾತ್ರ ಗುಂಡಿ ಒತ್ತುವವರಲ್ಲಿ ವರ್ಷವಾದರೂ ಹಾಗೆಯೇ ಇದೆ. ಪೂರ್ತಿ ಹೋಗುತ್ತದೆ ಎಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ. ಪಾಠದ ಮಾದರಿ ರೆಕಾರ್ಡ್ ಮಾಡುವಾಗ ಮೊದಲ ಆವರ್ತದಲ್ಲಿ ನನ್ನ ಕಮಾನಿನ ತುದಿ ಇಂದಿಗೂ ಒಮ್ಮೆ ಅದುರುತ್ತದೆ, ಶಿಷ್ಯರು ಅದನ್ನು ಗುರುತಿಸಿಯೂ ಇದ್ದಾರೆ.

ಆ ಬ್ಯಾಂಕಿನ ಶಿಷ್ಯೆ ಕಳೆದ ತಿಂಗಳು ಅದೇ ವರ್ಣವನ್ನು ಕಳುಹಿಸಿದರು. ಐದೂವರೆ ನಿಮಿಷ. ತಾರ ಷಡ್ಜ ಈ ಸಲವೂ ಕೂದಲೆಳೆಯಷ್ಟು ಕೆಳಗಿತ್ತು. ಚರಣದ ಎರಡನೆಯ ಚಿಟ್ಟೆಸ್ವರದ ನಡುವೆ ಯಾರೋ ಕರೆಗಂಟೆ ಒತ್ತಿದರು, ನಾಯಿ ಬೊಗಳಿತು, ಕಮಾನು ಒಂದು ಅಕ್ಷರ ತಡೆದು ಮತ್ತೆ ಎಡುಪಿಗೆ (ತಾಳದಲ್ಲಿ ಸಾಲು ಎತ್ತಿಕೊಳ್ಳುವ ಜಾಗಕ್ಕೆ) ಸರಿಯಾಗಿ ಸೇರಿಕೊಂಡಿತು. ವರ್ಣ ಮುಗಿದ ಮೇಲೆ ಅವರು ತಮ್ಮ ಹೆಸರು ಹೇಳಿ, "ರಾಗ ಮೋಹನ, ಆದಿತಾಳ" ಎಂದರು. ಆಮೇಲೆ ಬಾಗಿಲು ತೆರೆಯಲು ಓಡಿದ ಹೆಜ್ಜೆಗಳ ಸದ್ದು.